ಪೆಲೆಟ್ ಬಾಯ್ಲರ್ ಇರುವ ಮನೆಗೆ ಬಿಸಿನೀರಿಗೆಂದು ಹೀಟ್ ಪಂಪ್ ಬೇರೆ ಯಾಕೆ?

ಬೇಸಿಗೆಗೆ ಹೀಟ್ ಪಂಪ್, ಕೊರೆಯುವ ಚಳಿಗೆ ಪೆಲೆಟ್ ಬಾಯ್ಲರ್, ಅಂದರೆ ಮರದ ಹೊಟ್ಟಿನ ತುಂಡು (ಪೆಲೆಟ್) ಉರಿಸಿ ಮನೆ, ನೀರು ಎರಡನ್ನೂ ಕಾಯಿಸುವ ಯಂತ್ರ. ಆಸ್ಟ್ರಿಯಾ, ಜರ್ಮನಿ ಕಡೆ ಎರಡನ್ನೂ ಒಂದೇ ಟ್ಯಾಂಕಿಗೆ ಜೋಡಿಸುವುದು ಇದೇ ಲೆಕ್ಕದಲ್ಲಿ.

ಹೀಟ್ ಪಂಪ್ ಅಂದರೆ ಉಲ್ಟಾ ಫ್ರಿಡ್ಜ್ ಅಂದುಕೊಳ್ಳಿ. ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ತುಂಬುತ್ತದೆ. ಗಾಳಿ ಬೆಚ್ಚಗಿದ್ದರೆ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ. 300 ಲೀಟರ್ ನೀರನ್ನು 15 ಡಿಗ್ರಿಯಿಂದ 50ಕ್ಕೆ ಏರಿಸಲು ಹೆಚ್ಚುಕಮ್ಮಿ 12 ಯೂನಿಟ್ ಶಾಖ ಬೇಕು, ಅಂದರೆ ಕರೆಂಟು 4 ಯೂನಿಟ್ ಸಾಕು. ಹೊರಗೆ ಮೈನಸ್ 10 ಆದಾಗ ಶಾಖವನ್ನು ಎತ್ತಬೇಕಾದ ಏರು ಜಾಸ್ತಿ, ಕರೆಂಟೂ ಜಾಸ್ತಿ.

ಬಾಯ್ಲರಿನ ಕಷ್ಟ ಬೇರೆ. ಅದು ಉರಿಸುವುದು ಮರದ ಹೊಟ್ಟನ್ನು ಒತ್ತಿ ಮಾಡಿದ, 6 ಮಿಲಿಮೀಟರ್ ದಪ್ಪದ ತುಂಡುಗಳನ್ನು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹೇಗೂ ಉರಿಯುತ್ತಿರುತ್ತದೆ, ಜೊತೆಗೇ ನೀರೂ ಕಾಯುತ್ತದೆ. ಬೇಸಿಗೆಯಲ್ಲಿ ಸ್ನಾನಕ್ಕಷ್ಟೇ ಅಂತ ಹಚ್ಚಿ, ಅದರ ಕಬ್ಬಿಣವನ್ನೆಲ್ಲ ಕಾಯಿಸಿ, ಮುಕ್ಕಾಲು ಗಂಟೆಗೆ ಆರಿಸುವುದು ಒಂದು ಚೊಂಬು ನೀರಿಗೆ ಹಂಡೆ ಒಲೆ ಹಚ್ಚಿದ ಹಾಗೆ, ಸುಮ್ನೆ ದಂಡ ಅಲ್ವಾ?

ಹೊರಗಿನ ಚಳಿ ನೋಡಿಕೊಂಡು ಒಂದು ನಿಂತು ಇನ್ನೊಂದು ಶುರುವಾಗುವಂತೆ ಕಂಟ್ರೋಲರ್ ಇಡಿಸಿ. ಇಲ್ಲದಿದ್ದರೆ ಬಾಯ್ಲರ್ ಆಗಲೇ ಕಾಯಿಸಿಟ್ಟ ನೀರಿನ ಮೇಲೆ ಪಂಪ್ ಹೆಣಗಾಡುತ್ತಿರುತ್ತದೆ.