ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಯಾರು ಚೆನ್ನ, ಯಾರು ಕಿರಿಕಿರಿ?

ಟಿವಿಗೆ ರಿಚಿ ಬೆನೊ. ಆಸ್ಟ್ರೇಲಿಯಾ ಪರ 63 ಟೆಸ್ಟ್ ಆಡಿದ ಈ ಲೆಗ್ ಸ್ಪಿನ್ನರ್, ಪರದೆಯಲ್ಲಿ ಕಾಣುವುದಕ್ಕೆ ಏನಾದರೂ ಸೇರಿಸುವುದಿದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಹರ್ಷ ಭೋಗ್ಲೆ ಅಂತರರಾಷ್ಟ್ರೀಯ ಪಂದ್ಯ ಆಡಿದವರಲ್ಲ, ಆದರೆ ಪಕ್ಕದಲ್ಲಿರುವ ಮಾಜಿ ಆಟಗಾರನಿಗೆ ಸರಿಯಾದ ಪ್ರಶ್ನೆ ಹಾಕುತ್ತಾರೆ. ರವಿ ಶಾಸ್ತ್ರಿ ದನಿ 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಹೊಡೆದ ಸಿಕ್ಸರ್‌ಗೆ ಹೇಳಿ ಮಾಡಿಸಿದಂತಿತ್ತು. ಅದೇ ಏರುದನಿ ಹನ್ನೆರಡನೇ ಓವರಿನ ಸಿಂಗಲ್‌ಗೂ ಬಂದರೆ ತಲೆನೋವು. ಕನ್ನಡದಲ್ಲಿ ಮಾಜಿ ಆಟಗಾರ ವಿಜಯ್ ಭಾರದ್ವಾಜ್ ವಿವರಣೆ ಕೇಳಿ.

ರೇಡಿಯೊ ಲೆಕ್ಕವೇ ಬೇರೆ. ಕೊಡಗಿನಲ್ಲಿ ಜೋರು ಮಳೆ ಹಿಡಿದರೆ ಡಿಶ್ ಸಿಗ್ನಲ್ ಹೋಗುತ್ತದೆ, ಏಕೆಂದರೆ ಆ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಆಗ ಕಿವಿಯೇ ಕಣ್ಣು. ಬೌಲರ್ ಯಾರು, ಯಾವ ತುದಿ, ಚೆಂಡು ಬಿದ್ದ ಜಾಗ, ಹೊಡೆತ, ಹೋದ ದಿಕ್ಕು, ರನ್: ಪ್ರತಿ ಎಸೆತಕ್ಕೂ ಇಷ್ಟು ಬೇಕು. ಸ್ಕೋರನ್ನು ಓವರಿಗೆ ಎರಡು ಸಲವಾದರೂ ಹೇಳಬೇಕು. ನಡುವೆ ರೇಡಿಯೊ ಹಾಕಿದವನಿಗೆ ಬೇಕಾದ್ದು ಅದೊಂದೇ. ವೆಸ್ಟ್ ಇಂಡೀಸ್‌ನ ಟೋನಿ ಕೋಜಿಯರ್ ರೇಡಿಯೊ, ಟಿವಿ ಎರಡನ್ನೂ ನಿಭಾಯಿಸಿದ ಅಪರೂಪದವರು.

ಕೆಟ್ಟವರೆಂದರೆ ಸ್ಕೋರು ಮರೆತು ಹರಟುವವರು, ಸಿಕ್ಸರ್‌ಗೊಮ್ಮೆ ಪ್ರಾಯೋಜಕರ ಹೆಸರು ಕೂಗುವವರು, ರೀಪ್ಲೇ ಬರುವ ಮೊದಲೇ ಎಲ್‌ಬಿಡಬ್ಲ್ಯೂ ತೀರ್ಪು ಕೊಡುವವರು.

ಕೊಡವ ಮನೆತನಗಳು ತಂಡ ಕಟ್ಟಿ ಆಡುವ ನಮ್ಮ ಕುಟುಂಬ ಟೂರ್ನಿಗಳಲ್ಲಿ ಮೈಕ್ ಹಿಡಿಯುವವರಿಗೂ ಒಂದು ಮಾತು: ಎರಡೂ ತಂಡದಲ್ಲಿ ಬೋಪಣ್ಣ, ಪೊನ್ನಪ್ಪ ಇರುತ್ತಾರೆ, ಮನೆತನದ ಹೆಸರು ಸೇರಿಸಿಯೇ ಹೇಳಿ. ಗುಡ್ಡದಿಂದ ಪ್ರತಿಧ್ವನಿ ಬಂದರೆ ವಾಕ್ಯ ಚಿಕ್ಕದಾಗಿಸಿ, ಅದು ಅಡಗಿದ ಮೇಲೆ ಮುಂದುವರಿಸಿ.