ಬಿಗ್ ಬ್ಯಾಂಗ್‌ಗೆ ಮೊದಲು ಏನಿತ್ತು ಎಂದು ನಾಸ್ತಿಕನನ್ನು ಕೇಳಿದರೆ

ನೀವು ಕೇಳಿರುವುದು ಇದು: "ಶೂನ್ಯದಿಂದ ಇಡೀ ವಿಶ್ವ ತಾನಾಗಿಯೇ ಹುಟ್ಟಿತು ಅಂತ ನಾಸ್ತಿಕರು ನಂಬುತ್ತಾರೆ. ಅದಕ್ಕಿಂತ ದೇವರು ಸೃಷ್ಟಿಸಿದ ಅನ್ನುವುದೇ ತರ್ಕಕ್ಕೆ ಹತ್ತಿರವಲ್ಲವೇ? ಬಿಗ್ ಬ್ಯಾಂಗ್‌ಗೆ ಮೊದಲು ಏನಿತ್ತು, ಹೇಳಿ ನೋಡೋಣ."

ನಾನು ದೇವರನ್ನು ನಂಬುವವನಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಈ ಪ್ರಶ್ನೆ ಪ್ರತಿವರ್ಷ ಯಾವುದಾದರೊಂದು ಬೆಂಚಿನಿಂದ ಬಂದೇ ಬರುತ್ತದೆ. ನೇರ ಉತ್ತರ ಕೊಟ್ಟುಬಿಡುತ್ತೇನೆ: ಬಿಗ್ ಬ್ಯಾಂಗ್‌ಗೆ ಮೊದಲು ಏನಿತ್ತೆಂದು ಇವತ್ತಿಗೆ ಯಾರಿಗೂ ಗೊತ್ತಿಲ್ಲ. 'ಮೊದಲು' ಅನ್ನುವುದೊಂದು ಇತ್ತೇ ಎಂಬುದೂ ಗೊತ್ತಿಲ್ಲ. ಈ ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ತಂದು ಕೂರಿಸುವುದೂ ಸಲ್ಲದು, ಅಲ್ಲಿಂದ ದೇವರನ್ನು ಎಬ್ಬಿಸಿ ಕಳಿಸಿದೆವೆಂದು ನನ್ನಂಥವರು ಬೀಗುವುದೂ ಸಲ್ಲದು. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಯಾಕೆಂದು ವಿವರಿಸಬೇಕು.

ಬಿಗ್ ಬ್ಯಾಂಗ್ ಸಿದ್ಧಾಂತ 'ಶೂನ್ಯದಿಂದ ವಿಶ್ವ ಹುಟ್ಟಿತು' ಎಂದು ಹೇಳುವುದೇ ಇಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ನಾವು ಕಾಣುವ ವಿಶ್ವವೆಲ್ಲ ವಿಪರೀತ ಬಿಸಿಯಾಗಿ, ವಿಪರೀತ ದಟ್ಟವಾಗಿ ಇತ್ತು, ಅಲ್ಲಿಂದ ಹಿಗ್ಗುತ್ತ ತಣ್ಣಗಾಗುತ್ತ ಬಂತು ಎನ್ನುತ್ತದೆ, ಅಷ್ಟೆ. ಇದಕ್ಕೆ ಗಟ್ಟಿ ಪುರಾವೆಗಳಿವೆ. ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ. ಮೊದಲ ನಕ್ಷತ್ರಗಳು ಹುಟ್ಟುವುದಕ್ಕೂ ಮುಂಚಿನ ಬೆಳಕು ತಣಿದು ತಣಿದು ಈಗ 2.7 ಕೆಲ್ವಿನ್ ಉಷ್ಣತೆಯ ವಿಕಿರಣವಾಗಿ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ಕಾಲುಭಾಗ ಹೀಲಿಯಂ ಇರುವುದಕ್ಕೂ ಆ ಮೊದಲ ಕೆಲವು ನಿಮಿಷಗಳ ಬಿಸಿಯೇ ಕಾರಣ. ಆದರೆ ಇನ್ನೂ ಹಿಂದಕ್ಕೆ, ತೀರಾ ಆರಂಭಕ್ಕೆ ಹೋದರೆ ನಮ್ಮ ಸಮೀಕರಣಗಳು ಕೈಕೊಡುತ್ತವೆ. ಗುರುತ್ವದ ಸಿದ್ಧಾಂತ ಮತ್ತು ಕ್ವಾಂಟಂ ಸಿದ್ಧಾಂತ ಎರಡನ್ನೂ ಅಲ್ಲಿ ಒಟ್ಟಿಗೆ ಬಳಸಬೇಕು, ಒಟ್ಟಿಗೆ ಬಳಸುವ ದಾರಿ ಇನ್ನೂ ಖಚಿತವಾಗಿಲ್ಲ. ಕ್ವಾಂಟಂ ನಿರ್ವಾತದಿಂದ ವಿಶ್ವ ತಾನಾಗಿ ಚಿಮ್ಮಿರಬಹುದು ಎಂದು ಕೆಲವರು ಹೇಳುತ್ತಾರೆ. ಆ ನಿರ್ವಾತದಲ್ಲಿ ಕ್ಷೇತ್ರಗಳಿವೆ, ನಿಯಮಗಳಿವೆ. ಅದನ್ನು ಶೂನ್ಯ ಎಂದು ಕರೆದು ವಾದ ಗೆಲ್ಲಲು ಹೊರಡುವ ನಾಸ್ತಿಕರ ಮಾತನ್ನು ನಾನು ಒಪ್ಪುವುದಿಲ್ಲ.

ಈ ಸಿದ್ಧಾಂತವನ್ನು ಮೊದಲು ಮುಂದಿಟ್ಟವರು ಯಾರೆಂದು ಗೊತ್ತಾದಾಗ ನನ್ನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುತ್ತದೆ. ಅವರು ಬೆಲ್ಜಿಯಂನ ಒಬ್ಬ ಕ್ಯಾಥೊಲಿಕ್ ಪಾದ್ರಿ, ಜಾರ್ಜ್ ಲಮೇತ್ರ್. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು, 1931ರಲ್ಲಿ ಅದರ ಆರಂಭದ ಬಗ್ಗೆ. ಇದನ್ನು ಕಟುವಾಗಿ ವಿರೋಧಿಸಿದವರಲ್ಲಿ ಮುಖ್ಯರು ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ನಮ್ಮ ವಿಜ್ಞಾನಿ ಜಯಂತ ನಾರಳೀಕರರ ಗುರು. ಹಾಯ್ಲ್ ಅವರಿಗೆ ಧರ್ಮದಲ್ಲಿ ನಂಬಿಕೆಯಿರಲಿಲ್ಲ, ವಿಶ್ವಕ್ಕೊಂದು ಆರಂಭ ಎನ್ನುವುದು ಅವರಿಗೆ ಚರ್ಚಿನ ಮಾತಿನಂತೆ ಕೇಳಿಸುತ್ತಿತ್ತು. 'ಬಿಗ್ ಬ್ಯಾಂಗ್' ಎಂಬ ಹೆಸರು ಬಂದದ್ದೂ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅವರು ಆಡಿದ ಮಾತಿನಿಂದಲೇ. ಅಂದರೆ ಆಗ ಪಾದ್ರಿ ಬಿಗ್ ಬ್ಯಾಂಗ್ ಪರ, ನಾಸ್ತಿಕ ಅದರ ವಿರುದ್ಧ!

1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಒಂದು ಭಾಷಣ ಮಾಡಿದರು. ಬೆಳಕಾಗಲಿ ಎಂದು ದೇವರು ಆಜ್ಞಾಪಿಸಿದ ಆ ಗಳಿಗೆಗೆ ಈಗ ವಿಜ್ಞಾನವೇ ಸಾಕ್ಷಿ ನುಡಿಯುತ್ತಿದೆ ಎಂಬುದು ಅದರ ಸಾರ. ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾದವರು ಲಮೇತ್ರ್. ಅವರಿಗೆ ಆದದ್ದು ಕಸಿವಿಸಿ. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಮುಂದೆ ಮಾತನಾಡಿದ ಪೋಪ್ ಆ ವಾದವನ್ನು ಮತ್ತೆ ಎತ್ತಲಿಲ್ಲ. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ಭೌತವಾದಿ ಇದನ್ನು ಒಪ್ಪಿಕೊಂಡೂ ದೇವರನ್ನು ನಿರಾಕರಿಸಬಹುದು ಎಂದು ಲಮೇತ್ರ್ 1958ರಲ್ಲಿ ಭೌತವಿಜ್ಞಾನಿಗಳ ಸಾಲ್ವೇ ಸಮ್ಮೇಳನದಲ್ಲಿ ಬಿಚ್ಚಿ ಹೇಳಿದರು. ಜೀವನಪೂರ್ತಿ ಪೂಜೆ-ಪ್ರಾರ್ಥನೆ ಬಿಡದ ಮನುಷ್ಯ ಆಡಿದ ಮಾತಿದು. ಅವರ ಬಗ್ಗೆ ನನಗೆ ತುಂಬ ಗೌರವ.

ಇನ್ನು ನಿಮ್ಮ ತರ್ಕಕ್ಕೆ ಬರುತ್ತೇನೆ. ಮಡಕೆ ಇದೆ ಎಂದರೆ ಕುಂಬಾರ ಇರಲೇಬೇಕು, ಜಗತ್ತಿದೆ ಎಂದರೆ ಅದನ್ನು ಮಾಡಿದವನು ಇರಲೇಬೇಕು. ನಮ್ಮ ನೈಯಾಯಿಕರು ಅಂದರೆ ನ್ಯಾಯದರ್ಶನದ ತಾರ್ಕಿಕರು, ಅದರಲ್ಲೂ ಮಿಥಿಲೆಯ ಉದಯನಾಚಾರ್ಯರು, ಸಾವಿರ ವರ್ಷಗಳ ಹಿಂದೆಯೇ ಈ ವಾದವನ್ನು ಬಹಳ ಗಟ್ಟಿಯಾಗಿ ಕಟ್ಟಿದ್ದರು. ಇದನ್ನು ಒಡೆದವರು ನಾಸ್ತಿಕರು ಮಾತ್ರ ಎಂದುಕೊಂಡಿದ್ದರೆ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರಕ್ಕೆ ಬರೆದ ವ್ಯಾಖ್ಯಾನ ಶ್ರೀಭಾಷ್ಯದ ಮೊದಲ ಅಧ್ಯಾಯ ನೋಡಿ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜಾಚಾರ್ಯರೇ ಅಲ್ಲಿ ಇದನ್ನು ಒಡೆಯುತ್ತಾರೆ. ಭೂಮಿ, ಬೆಟ್ಟ, ಸಮುದ್ರ ಇವೆಲ್ಲ ಒಂದೇ ಹೊತ್ತಿನಲ್ಲಿ ಒಬ್ಬನೇ ಮಾಡಿದ್ದು ಎನ್ನಲು ಆಧಾರವೇನು? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದಲ್ಲ? ನಾವು ಕಂಡ ಕರ್ತೃಗಳಿಗೆಲ್ಲ ಶರೀರವಿದೆ, ಹಾಗಾದರೆ ಈ ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದಿಂದ, ಸಿದ್ಧವಾಗುವವನೂ ನಮ್ಮಂತೆ ಶರೀರವಿರುವವನೇ ಆಗಬೇಕಲ್ಲ? ಇಷ್ಟು ಕೇಳಿ, ಭಗವಂತನನ್ನು ತಿಳಿಯಲು ಶಾಸ್ತ್ರವೊಂದೇ ಪ್ರಮಾಣ, ಅನುಮಾನವಲ್ಲ ಎಂದು ತೀರ್ಮಾನಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರೂ ತಮ್ಮ ಒಂದು ಗ್ರಂಥದ ಮೊದಲ ಶ್ಲೋಕದಲ್ಲೇ ನಾರಾಯಣನನ್ನು 'ಸದಾಗಮೈಕವಿಜ್ಞೇಯ' ಎಂದು ಕರೆಯುತ್ತಾರೆ, ಸದಾಗಮಗಳಿಂದ, ಅಂದರೆ ವೇದ ಮೊದಲಾದ ಶಾಸ್ತ್ರಗಳಿಂದ ಮಾತ್ರ ತಿಳಿಯಬೇಕಾದವನು ಎಂದು.

ಎರಡು ದೊಡ್ಡ ಭಕ್ತಿಪರಂಪರೆಗಳ ಆಚಾರ್ಯರು ಬೇಡವೆಂದು ಬದಿಗಿಟ್ಟ ತರ್ಕವನ್ನು ಇಂದು ಅವರ ಅನುಯಾಯಿಗಳೇ ಟಿವಿ ಚರ್ಚೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಬ್ರಹ್ಮಾಸ್ತ್ರದಂತೆ ಹಿಡಿದಿರುವುದು ನನಗೆ ಬೇಸರ ತರುತ್ತದೆ.

ಶೂನ್ಯದಿಂದ ಸೃಷ್ಟಿ ಎಂಬುದೂ ವೇದಾಂತದ ಮಾತಲ್ಲ. ಮಧ್ವಮತದಲ್ಲಿ ಜೀವರೂ ಪ್ರಕೃತಿಯೂ ಅನಾದಿ, ದೇವರ ಅಧೀನದಲ್ಲಿರುವಂಥವು. ಸೃಷ್ಟಿ-ಪ್ರಳಯಗಳಿಗೆ ಮೊದಲನೆಯದು ಎಂಬುದೇ ಇಲ್ಲ. ದೇವರೇ ಇಲ್ಲದೆ ಇದನ್ನು ಹೇಳಿದವರೂ ನಮ್ಮ ನೆಲದಲ್ಲಿದ್ದರು. ಒಂಬತ್ತನೆಯ ಶತಮಾನದ ಜೈನ ಮುನಿ ಜಿನಸೇನಾಚಾರ್ಯರು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ತಲೆಬಾಗಿದ ಗುರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಆ ದೊರೆಯ ರಾಜಧಾನಿ. ಪಂಪ ಕನ್ನಡಕ್ಕೆ ಕಥೆ ತಂದದ್ದು ಜಿನಸೇನರ ಸಂಸ್ಕೃತ ಆದಿಪುರಾಣದಿಂದ. ಅದೇ ಆದಿಪುರಾಣದಲ್ಲಿ ಅವರು ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಪ್ರಶ್ನಿಸುತ್ತಾರೆ. ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ? ಏನೂ ಇಲ್ಲದೆ ಯಾವುದರಿಂದ ಮಾಡಿದ? ಅವನು ಪೂರ್ಣನಾದರೆ ಸೃಷ್ಟಿಸುವ ಬಯಕೆ ಯಾಕೆ ಹುಟ್ಟಿತು, ಅಪೂರ್ಣನಾದರೆ ಸೃಷ್ಟಿಸಲು ಹೇಗಾದೀತು? ಯಾರೂ ಮಾಡದೆ ದೇವರು ಇರಬಹುದಾದರೆ ಜಗತ್ತೂ ಹಾಗೆಯೇ ಇರಬಹುದಲ್ಲ? ಇಷ್ಟೆಲ್ಲ ಕೇಳಿದ ಪರಂಪರೆಯೇ ಶ್ರವಣಬೆಳಗೊಳದಲ್ಲಿ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಮಾಡುತ್ತದೆ, ಅಹಿಂಸೆಯನ್ನು ಉಳಿದ ಯಾರಿಗಿಂತಲೂ ಬಿಗಿಯಾಗಿ ಪಾಲಿಸುತ್ತದೆ. ಆದ್ದರಿಂದ ಸೃಷ್ಟಿಕರ್ತನನ್ನು ಒಪ್ಪದವರಿಗೆ ನೀತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನಾದರೂ ಕನ್ನಡಿಗರು ಕೇಳಬಾರದು.

ಹಾಗಾದರೆ ನೀನೇಕೆ ನಂಬುವುದಿಲ್ಲ ಎಂದು ನೀವು ಕೇಳಬಹುದು. ನನ್ನ ಕಾರಣಕ್ಕೂ ವಿಶ್ವದ ಹುಟ್ಟಿಗೂ ಸಂಬಂಧವಿಲ್ಲ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲೆ ನೀರು, ಬಂಡೆ, ಕೆಸರು ನುಗ್ಗಿ ಬಂದವು. ಉತ್ತರಾಖಂಡದಲ್ಲಿ ಆ ದಿನಗಳಲ್ಲಿ ಸಾವಿರಾರು ಜನ ಸತ್ತರು, ಅವರಲ್ಲಿ ದೇವರ ದರ್ಶನಕ್ಕೆಂದೇ ಹೋದವರು ಬಹಳ. ಒಂದು ದೊಡ್ಡ ಬಂಡೆ ಉರುಳಿಬಂದು ದೇವಸ್ಥಾನದ ಹಿಂದೆ ನಿಂತು ಪ್ರವಾಹವನ್ನು ಸೀಳಿತು, ಗುಡಿ ಉಳಿಯಿತು. ಆ ಬಂಡೆಗೆ ಈಗ ಭೀಮಶಿಲೆ ಎಂದು ಕೈಮುಗಿಯುತ್ತಾರೆ. ಗುಡಿಯನ್ನು ಉಳಿಸಲು ಬಂಡೆ ಕಳಿಸಿದವನು ಮಗುವನ್ನು ಎತ್ತಿಕೊಂಡು ಓಡುತ್ತಿದ್ದ ತಾಯಿಯನ್ನು ಯಾಕೆ ಬಿಟ್ಟ? ಇದನ್ನು ದಾಟಲು ನನಗೆ ಆಗಿಲ್ಲ. ಪ್ರಾರ್ಥನೆ ಕೇಳುವ, ಕರುಣೆಯಿರುವ, ಎಲ್ಲವನ್ನೂ ಮಾಡಬಲ್ಲ ದೇವರನ್ನು ನಾನು ನಂಬದಿರುವುದು ಇದರಿಂದ.

ನಮ್ಮ ಆಚಾರ್ಯರು ಇದನ್ನು ನೋಡದೆ ಹೋದವರಲ್ಲ. ದೇವರಿಗೆ ಪಕ್ಷಪಾತದ, ಕ್ರೌರ್ಯದ ದೋಷ ಬರುತ್ತದಲ್ಲ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೇ ಎರಡನೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತದೆ. ಅವರವರ ಕರ್ಮಕ್ಕೆ ತಕ್ಕ ಫಲ ಎಂಬುದು ಉತ್ತರ. ಮೊದಲ ಕರ್ಮ ಎಲ್ಲಿಂದ ಬಂತೆಂದರೆ, ಸಂಸಾರ ಅನಾದಿ. ಮುಚ್ಚುಮರೆಯಿಲ್ಲದ ಉತ್ತರವೇ ಇದು. ಆದರೆ ಕೊಚ್ಚಿಹೋದ ಮಗುವಿನ ಮುಂದೆ ನಿಂತು ಇದು ಅದರದೇ ಹಳೆಯ ಲೆಕ್ಕ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನಿಮ್ಮೊಂದಿಗೆ ವಾದ ಮಾಡಲು ನಾನು ಸಿದ್ಧ, ಆದರೆ 1380 ಕೋಟಿ ವರ್ಷ ಹಿಂದಕ್ಕೆ ಹೋಗಿ ಅಲ್ಲ. ಕೇದಾರನಾಥದ ಪ್ರಶ್ನೆಗೆ ಕರ್ಮವಲ್ಲದ ಬೇರೆ ಉತ್ತರ ನಿಮ್ಮಲ್ಲಿದ್ದರೆ ಬರೆಯಿರಿ. ಮನಸ್ಸಿಟ್ಟು ಓದುತ್ತೇನೆ.