ಓಡುತ್ತಿದ್ದ ಪಿಕಪ್‌ನ ಚಕ್ರ ಕಳಚಿದ್ದೇಕೆ?

ಪ್ರಶ್ನೆ: ನಮ್ಮದು 14 ವರ್ಷ ಹಳೆಯ ಪಿಕಪ್. ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುವಾಗ ಹಿಂದಿನ ಎಡ ಚಕ್ರ ಕಳಚಿ ಉರುಳಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬ್ರೇಕ್ ಡ್ರಮ್ ಆಕ್ಸಲ್‌ನಲ್ಲೇ ಉಳಿದಿತ್ತು; ಎರಡು ಸ್ಟಡ್ (ಚಕ್ರದ ನಟ್ ಬಿಗಿಯುವ ಬೋಲ್ಟ್) ಮುರಿದಿದ್ದವು, ಉಳಿದವುಗಳಲ್ಲಿ ನಟ್ ಇರಲಿಲ್ಲ, ರಿಮ್‌ನ ತೂತುಗಳು ಅಗಲವಾಗಿದ್ದವು. ಹಿಂದಿನ ವಾರವಷ್ಟೇ ಆ ಚಕ್ರಕ್ಕೆ ಪಂಕ್ಚರ್ ಹಾಕಿಸಿದ್ದೆವು. ಗಾಡಿ ಹಳೆಯದಾದ್ದರಿಂದ ಹೀಗಾಗಿದೆ, ಎರಡು ಸ್ಟಡ್ ಹಾಕಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಇದು ಸರಿಯೇ? ರಿಮ್‌ನ ತೂತುಗಳನ್ನು ವೆಲ್ಡಿಂಗ್ ಮಾಡಿಸಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಯಾರಿಗೂ ಪೆಟ್ಟಾಗದಿದ್ದುದು ದೊಡ್ಡ ಸಮಾಧಾನ. ಆದರೆ ಎರಡೇ ಸ್ಟಡ್ ಹಾಕಿಸಿ ಮತ್ತೆ ಲೋಡ್ ಹೊರಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಬೇರಿಂಗ್ ಹಾಳಾಗಿಯೋ ಆಕ್ಸಲ್ ತುಂಡಾಗಿಯೋ ಚಕ್ರ ಹೋಗುವುದಾದರೆ ಸಾಮಾನ್ಯವಾಗಿ ಡ್ರಮ್ ಅಥವಾ ಹಬ್ (ಚಕ್ರ ಕೂರುವ ನಡುಭಾಗ) ಕೂಡ ಅದರ ಜೊತೆಯಲ್ಲೇ ಹೊರಬರುತ್ತದೆ. ನಿಮ್ಮಲ್ಲಿ ಡ್ರಮ್ ಉಳಿದು ಚಕ್ರ ಮಾತ್ರ ಹೋಗಿರುವುದರಿಂದ ದೋಷವಿರುವುದು ನಟ್ ಮತ್ತು ಸ್ಟಡ್‌ಗಳ ಹಿಡಿತದಲ್ಲಿ.

ಚಕ್ರವು ಸ್ಟಡ್‌ಗಳ ಮೇಲೆ ತೂಗಿಕೊಂಡಿರುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ನಟ್ ಬಿಗಿದಾಗ ಸ್ಟಡ್ ತುಸುವೇ ಹಿಗ್ಗಿ, ಆ ಎಳೆತದಿಂದ ರಿಮ್ಮನ್ನು ಡ್ರಮ್ಮಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ; ಭಾರವನ್ನು ತಡೆದುಕೊಳ್ಳುವುದು ಮುಖ್ಯವಾಗಿ ಆ ಎರಡು ಮುಖಗಳ ನಡುವಿನ ಘರ್ಷಣೆ. ಪಂಕ್ಚರ್ ಹಾಕಿಸಿ ಚಕ್ರವನ್ನು ಮರಳಿ ಕೂರಿಸುವಾಗ ನಡುವೆ ತುಕ್ಕಿನ ಪದರವೋ ಒಣಗಿದ ಕೆಸರೋ ಉಳಿದುಬಿಟ್ಟರೆ, ನಟ್ ಬಿಗಿಯಾಗಿಯೇ ಕೂತಂತೆ ತೋರಿದರೂ, ಗಾಡಿ ಸ್ವಲ್ಪ ದೂರ ಓಡಿದ ಮೇಲೆ ಆ ಪದರ ಪುಡಿಯಾಗಿ ಬಿಗಿತ ಕಡಿಮೆಯಾಗುತ್ತದೆ. ಆಮೇಲೆ ರಿಮ್ ಪ್ರತಿ ಸುತ್ತಿಗೂ ಜರುಗಾಡುತ್ತದೆ, ಸ್ಟಡ್ ಅತ್ತಿತ್ತ ಬಾಗುತ್ತದೆ, ನಟ್ ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ. ತೂತುಗಳು ಅಗಲವಾಗಿವೆ ಎಂದರೆ ಚಕ್ರ ಸಾಕಷ್ಟು ದೂರ ಸಡಿಲವಾಗಿಯೇ ಓಡಿದೆ. ಆಗ ಹಿಂದಿನಿಂದ ಟಕಟಕ ಸದ್ದು ಬಂದಿದ್ದಿರಬಹುದು. ಲೋಡ್ ಇದ್ದಾಗ ಅದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಮುರಿದ ಸ್ಟಡ್‌ನ ತುದಿಯನ್ನು ಒರೆಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಒಂದು ಭಾಗ ನುಣುಪಾಗಿದ್ದು, ಅದರ ಮೇಲೆ ಬಿಲ್ಲಿನಂತೆ ಬಾಗಿದ ಸಣ್ಣ ಗೆರೆಗಳು ಕಂಡು, ಉಳಿದ ಭಾಗ ತರಿತರಿಯಾಗಿದ್ದರೆ, ಬಿರುಕು ನಿಧಾನವಾಗಿ ಬೆಳೆದು ಕೊನೆಗೆ ಒಮ್ಮೆಲೇ ತುಂಡಾಗಿದೆ ಎಂದರ್ಥ. ಉಳಿದ ಸ್ಟಡ್‌ಗಳೂ ಅದೇ ಏಟು ತಿಂದಿವೆ. ಹೊರಗೆ ಚೆನ್ನಾಗಿ ಕಂಡರೂ ಬುಡದಲ್ಲಿ ಬಿರುಕಿರಬಹುದು. ಆದ್ದರಿಂದ ಆ ಚಕ್ರದ ಎಲ್ಲ ಸ್ಟಡ್‌ಗಳನ್ನೂ ನಟ್‌ಗಳನ್ನೂ ಬದಲಿಸಲೇಬೇಕು.

ವಯಸ್ಸಿನ ಮೇಲೆ ಹೊರಿಸಿದ ತಪ್ಪು ಅರ್ಧ ಮಾತ್ರ ನಿಜ. ವರ್ಷಗಟ್ಟಲೆ ಸ್ಪ್ಯಾನರ್‌ಗೆ ಪೈಪ್ ತೂರಿಸಿ, ಅದರ ಮೇಲೆ ನಿಂತು ಬಿಗಿದಿದ್ದರೆ ಸ್ಟಡ್ ಮಿತಿ ಮೀರಿ ಹಿಗ್ಗಿ ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಸುಲಭವಾಗಿ ಬಿಚ್ಚಲಿ ಎಂದು ಥ್ರೆಡ್‌ಗೆ ಆಯಿಲ್ ಹಚ್ಚುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು, ಏಕೆಂದರೆ ಆಗ ಅದೇ ಬಲಕ್ಕೆ ನಟ್ ಹೆಚ್ಚು ಕೂತು ಸ್ಟಡ್ಡನ್ನು ಎಳೆಯುತ್ತದೆ. ಮಿತಿ ಮೀರಿದ ಲೋಡ್ ಈ ಹಾನಿಯನ್ನು ಬೇಗ ತರುತ್ತದೆ.

ಹೊಸ ಸ್ಟಡ್ ಹಾಕಿಸುವಾಗ ಡ್ರಮ್ಮಿನ ಸ್ಟಡ್ ಕೂರುವ ತೂತುಗಳನ್ನೂ ನೋಡಿಸಿ, ಎರಡೂ ಮುಖಗಳನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ. ನಟ್‌ಗಳನ್ನು ಸಾಲಾಗಿ ಬಿಗಿಯದೆ ಒಂದಕ್ಕೊಂದು ಎದುರಾಗಿರುವಂತೆ ಬಿಗಿಯುತ್ತ ಹೋಗಿ, ಜಾಕ್ ಇಳಿಸಿದ ಮೇಲೆ ವಾಹನದ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ (ಬಿಗಿಯುವ ಬಲವನ್ನು ಅಳೆಯುವ ಸ್ಪ್ಯಾನರ್) ಮುಗಿಸಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಮುಂದೆ ಪ್ರತಿ ಬಾರಿ ಚಕ್ರ ಬಿಚ್ಚಿದಾಗಲೂ, ಸ್ಟೆಪ್ನಿ ಹಾಕಿದಾಗಲೂ ಇದನ್ನು ತಪ್ಪಿಸಬೇಡಿ.

ರಿಮ್‌ಗೆ ವೆಲ್ಡಿಂಗ್ ಖಂಡಿತ ಬೇಡ. ನಟ್ ಕೂರುವ ಇಳಿಜಾರಿನ ಆಕಾರ ವೆಲ್ಡಿಂಗ್‌ನಿಂದ ಮರಳಿ ಬರುವುದಿಲ್ಲ, ಕಾದ ಜಾಗದ ಅಂಚಿನಲ್ಲಿ ಹೊಸ ಬಿರುಕು ಹುಟ್ಟಬಹುದು. ಬೇರೆ ರಿಮ್ ಕೊಳ್ಳುವಾಗ ತೂತುಗಳ ಸಂಖ್ಯೆ ಹೊಂದಿದರೆ ಸಾಲದು. ಅವುಗಳ ನಡುವಿನ ಅಂತರ, ಮಧ್ಯದ ದೊಡ್ಡ ತೂತಿನ ಅಳತೆ ಮತ್ತು ನಟ್ ಕೂರುವ ಅಂಚಿನ ಆಕಾರ ನಿಮ್ಮ ವಾಹನಕ್ಕೆ ಸರಿಯಾಗಿ ಒಪ್ಪುತ್ತವೆಯೇ ಎಂದು ಅಂಗಡಿಯಲ್ಲೇ ನಟ್ ಇಟ್ಟು ನೋಡಿಕೊಳ್ಳಿ.